ತಾಲ್ಲೂಕುಗಳನ್ನು ತೂಗಿದ ಅರ್ಥಶಾಸ್ತ್ರಜ್ಞ

ನಮ್ಮಕ್ಕನನ್ನು ಅಗಳಿಯಿಂದ ಪಾವಗಡ ತಾಲ್ಲೂಕಿನ ಒಂದು ಹಳ್ಳಿಗೆ ಕೊಟ್ಟಿದ್ದೇವೆ. ಇಲ್ಲಿ ಬೆಳೆಯುವುದು ಕಡಲೆಕಾಯಿ, ಅಲ್ಲಿಯೂ ಅದೇ. ಅಲ್ಲಿ ಬೋರ್‌ವೆಲ್ ಬತ್ತಿದ ವರ್ಷ ಇಲ್ಲಿಯೂ ಬತ್ತುತ್ತದೆ. ಎರಡೂ ಮನೆಯಲ್ಲಿ ಆಡುವ ಮಾತು ಕನ್ನಡ. ವ್ಯತ್ಯಾಸ ಒಂದೇ: ಅಕ್ಕನ ಊರು ಕರ್ನಾಟಕದಲ್ಲಿದೆ, ನಮ್ಮದು ಆಂಧ್ರದಲ್ಲಿದೆ.

2002 ಬರದ ವರ್ಷ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದ ನಾನು ಅಕ್ಕನ ಮನೆಗೆ ಹೋಗಿದ್ದೆ. ಬಾವ ಪೇಪರು ತಂದು ಮುಂದಿಟ್ಟರು. "ನೋಡಯ್ಯ ಮೇಷ್ಟ್ರೇ, ನಮ್ಮ ತಾಲ್ಲೂಕು ಅತ್ಯಂತ ಹಿಂದುಳಿದಿದೆ ಅಂತ ಲೆಕ್ಕ ಹಾಕಿ ಬರೆದವ್ರೆ." ಅವರ ದನಿಯಲ್ಲಿ ನಾಚಿಕೆ ಇರಲಿಲ್ಲ, ಸಮಾಧಾನವಿತ್ತು. ಇಷ್ಟು ವರ್ಷ ತಾವು ಹೇಳುತ್ತಿದ್ದುದನ್ನು ಕೊನೆಗೂ ಒಬ್ಬರು ಅಂಕಿಯಲ್ಲಿ ಹೇಳಿದರಲ್ಲ ಎಂಬ ಸಮಾಧಾನ. ಆಮೇಲೆ ಕೇಳಿದರು: "ನಿಮ್ಮ ಅಗಳಿ ಇದ್ರಾಗೆ ಇಲ್ವಾ?"

"ಇಲ್ಲ ಬಾವ, ಇದು ಕರ್ನಾಟಕದ ಲೆಕ್ಕ" ಎಂದೆ. ಹಾಗೆ ಲೆಕ್ಕ ಹಾಕಿದವರು ಡಾ. ಡಿ.ಎಂ. ನಂಜುಂಡಪ್ಪ. ಅವರ ಕೆಲಸವನ್ನು ನಾನು ಕೂತು ಓದಲು ತೊಡಗಿದ್ದು ಆ ದಿನದಿಂದ.

ನಂಜುಂಡಪ್ಪನವರು ಮೊದಲು ಮೇಷ್ಟ್ರು, ಆಮೇಲೆ ಸಲಹೆಗಾರರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದರು. ರಸ್ತೆ ಬಳಸುವವರ ಮೇಲಿನ ತೆರಿಗೆ, ಕೇಂದ್ರ ಮತ್ತು ರಾಜ್ಯಗಳ ನಡುವಿನ ಹಣದ ಹಂಚಿಕೆ ಅವರು ಪುಸ್ತಕ ಬರೆದ ವಿಷಯಗಳು. ಮುಂದೆ ರಾಜ್ಯ ಸರ್ಕಾರದ ಆರ್ಥಿಕ ಸಲಹೆಗಾರರಾದರು, ಕರ್ನಾಟಕ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳ ಕುಲಪತಿಯಾದರು, ರಾಜ್ಯ ಯೋಜನಾ ಮಂಡಳಿಯ ಉಪಾಧ್ಯಕ್ಷರಾದರು. ಆದರೆ ಜನರ ಬಾಯಲ್ಲಿ ಅವರ ಹೆಸರು ನಿಂತದ್ದು ಈ ಪದವಿಗಳಿಂದಲ್ಲ, 'ನಂಜುಂಡಪ್ಪ ವರದಿ'ಯಿಂದ.

ಉತ್ತರ ಕರ್ನಾಟಕದವರು ತಮಗೆ ಅನ್ಯಾಯವಾಗಿದೆ ಎನ್ನುತ್ತಿದ್ದರು. ದಕ್ಷಿಣದವರು ನಮ್ಮಲ್ಲೂ ಬಡತನವಿದೆ ಎನ್ನುತ್ತಿದ್ದರು. ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, 2000ರಲ್ಲಿ, ಪ್ರಾದೇಶಿಕ ಅಸಮತೋಲನ ನಿವಾರಣೆಗೆ ಒಂದು ಉನ್ನತಾಧಿಕಾರ ಸಮಿತಿ ರಚನೆಯಾಯಿತು. ನಂಜುಂಡಪ್ಪನವರು ಅದರ ಅಧ್ಯಕ್ಷರು. 2002ರ ಜೂನ್‌ನಲ್ಲಿ ವರದಿ ಕೊಟ್ಟರು.

ಅವರು ಮಾಡಿದ ದೊಡ್ಡ ಕೆಲಸವೆಂದರೆ ಜಿಲ್ಲೆಯನ್ನು ಬಿಟ್ಟು ತಾಲ್ಲೂಕನ್ನು ಅಳೆದದ್ದು. ಜಿಲ್ಲೆಯ ಸರಾಸರಿಯಲ್ಲಿ ಉಂಡವನ ಹೊಟ್ಟೆಯೂ ಉಪವಾಸದವನ ಹೊಟ್ಟೆಯೂ ಬೆರೆತುಹೋಗುತ್ತವೆ. ಸಮಿತಿ ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳನ್ನೂ 35 ಸೂಚಕಗಳಲ್ಲಿ ತೂಗಿತು. ನೀರಾವರಿ ಎಷ್ಟು, ತಲಾ ಬ್ಯಾಂಕ್ ಠೇವಣಿ ಎಷ್ಟು, ಹತ್ತು ಸಾವಿರ ಜನಕ್ಕೆ ಡಾಕ್ಟರು ಎಷ್ಟು, ಶಾಲೆ ಬಿಟ್ಟ ಮಕ್ಕಳೆಷ್ಟು, ದಿನಕ್ಕೆ ತಲಾ 40 ಲೀಟರ್ ಕುಡಿಯುವ ನೀರು ಸಿಗುವ ಜನವಸತಿಗಳೆಷ್ಟು, ಹೀಗೆ.

ಲೆಕ್ಕದ ಕ್ರಮ ಸರಳ. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಜನಕ್ಕೆ ರಾಜ್ಯದಲ್ಲಿ ಇಬ್ಬರು ಡಾಕ್ಟರಿದ್ದು ನಿಮ್ಮ ತಾಲ್ಲೂಕಿನಲ್ಲಿ ಒಬ್ಬರಿದ್ದರೆ, ಆ ಒಂದು ವಿಷಯದಲ್ಲಿ ನಿಮ್ಮ ಅಂಕ ಅರ್ಧ. ಹೀಗೆ ಬಂದ 35 ಅಂಕಗಳಿಗೆ ಅವುಗಳ ಮಹತ್ವಕ್ಕೆ ತಕ್ಕ ತೂಕ ಕೊಟ್ಟು ಒಂದು ಸೂಚ್ಯಂಕ ಮಾಡಿದರು. ಒಂದಕ್ಕಿಂತ ಕೆಳಗೆ ಬಿದ್ದ ತಾಲ್ಲೂಕು ಹಿಂದುಳಿದದ್ದು.

114 ತಾಲ್ಲೂಕುಗಳು ಕೆಳಗೆ ಬಿದ್ದವು. ಅವುಗಳಲ್ಲಿ ಅತ್ಯಂತ ಹಿಂದುಳಿದವು 39, ಅತಿ ಹಿಂದುಳಿದವು 40, ಹಿಂದುಳಿದವು 35. ಅತ್ಯಂತ ಹಿಂದುಳಿದ 39ರಲ್ಲಿ 26 ಉತ್ತರದವು, ಅದರಲ್ಲಿಯೂ 21 ಗುಲ್ಬರ್ಗ ವಿಭಾಗದವು. ಉತ್ತರದವರ ದೂರು ನಿಜವೆಂದು ಅಂಕಿಯೇ ಸಾಕ್ಷಿ ಹೇಳಿತು. ಆದರೆ ಉಳಿದ 13 ದಕ್ಷಿಣದವು. ಬೆಂಗಳೂರಿನ ಮಗ್ಗುಲಿನ ಕನಕಪುರ, ಮಾಗಡಿ ಅದರಲ್ಲಿದ್ದವು. ನಮ್ಮ ನೆರೆಯ ಪಾವಗಡ, ಶಿರಾ, ಮಧುಗಿರಿ ಇದ್ದವು. ರಾಜಧಾನಿಯ ಪಕ್ಕದಲ್ಲಿದ್ದ ಮಾತ್ರಕ್ಕೆ ಬಡತನ ಹೋಗುವುದಿಲ್ಲ ಎಂಬುದು ತಾಲ್ಲೂಕು ತಾಲ್ಲೂಕಾಗಿ ತೂಗಿದ್ದರಿಂದ ಕಂಡಿತು.

ಸಮಿತಿ ಪರಿಹಾರವನ್ನೂ ಹೇಳಿತು. ಎಂಟು ವರ್ಷಕ್ಕೆ 31,000 ಕೋಟಿ ರೂಪಾಯಿಯ ವಿಶೇಷ ಅಭಿವೃದ್ಧಿ ಯೋಜನೆ. ಉತ್ತರಕ್ಕೆ ನೂರರಲ್ಲಿ 60 ಪಾಲು, ದಕ್ಷಿಣಕ್ಕೆ 40. ಒಂದರಿಂದ ಎಷ್ಟು ಕೆಳಗಿದೆಯೋ ಅದು ಆ ತಾಲ್ಲೂಕಿನ ಕೊರತೆ. ಕೊರತೆ ಹೆಚ್ಚಿದ್ದಲ್ಲಿಗೆ ಪಾಲು ಹೆಚ್ಚು. ತಾಯಿ ಸೊರಗಿದ ಮಗುವಿಗೆ ಒಂದು ತುತ್ತು ಹೆಚ್ಚು ಇಡುತ್ತಾಳಲ್ಲ, ಆ ನ್ಯಾಯ. ವಿಶೇಷ ಅಭಿವೃದ್ಧಿ ಯೋಜನೆ ಜಾರಿಗೆ ಬಂದದ್ದು 2007-08ರಿಂದ. ಅದನ್ನು ನೋಡಲು ನಂಜುಂಡಪ್ಪನವರು ಇರಲಿಲ್ಲ, 2005ರಲ್ಲೇ ತೀರಿಕೊಂಡಿದ್ದರು.

ಸಲಹೆ ಕೊಟ್ಟವರ ಮಾತಿಗೆ ಸರ್ಕಾರ ಎಷ್ಟು ಬದ್ಧ? ಈ ಪ್ರಶ್ನೆ ಬಂದಾಗ ನನಗೆ ಜರ್ಮನಿ ನೆನಪಾಗುತ್ತದೆ. ಅಲ್ಲಿ 1963ರಲ್ಲಿ ಕಾನೂನು ಮಾಡಿ ಐವರು ಅರ್ಥಶಾಸ್ತ್ರಜ್ಞರ ಮಂಡಳಿ ಕಟ್ಟಿದರು. ಅವರು ಪ್ರತಿ ವರ್ಷ ವರದಿ ಕೊಡುತ್ತಾರೆ. ಸರ್ಕಾರ ಎಂಟು ವಾರದೊಳಗೆ ತನ್ನ ನಿಲುವನ್ನು ತಿಳಿಸಬೇಕು. ಒಪ್ಪಲೇಬೇಕೆಂದಿಲ್ಲ, ಉತ್ತರ ಮಾತ್ರ ಕೊಡಲೇಬೇಕು. 1990ರಲ್ಲಿ ಎರಡು ಜರ್ಮನಿಗಳು ಒಂದಾದ ಮೇಲೆ ಬಡವಾಗಿದ್ದ ಪೂರ್ವಭಾಗವನ್ನು ಮೇಲೆತ್ತಲು ಆದಾಯ ತೆರಿಗೆಯ ಮೇಲೆ ಮತ್ತೊಂದು ತೆರಿಗೆ ಹಾಕಿ ವರ್ಷಗಟ್ಟಲೆ ವಸೂಲು ಮಾಡಿದರು. ಸಮಾನತೆಗೆ ಹಣ ಬೇಕು, ಹಣಕ್ಕಿಂತ ಮೊದಲು ಉತ್ತರ ಕೊಡುವ ಅಭ್ಯಾಸ ಬೇಕು.

ಕರ್ನಾಟಕ 2024ರಲ್ಲಿ ಅರ್ಥಶಾಸ್ತ್ರಜ್ಞ ಎಂ. ಗೋವಿಂದ ರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೆ ಇಂಥದೇ ಸಮಿತಿ ಮಾಡಿತು. ಒಳ್ಳೆಯದು. ಒಮ್ಮೆ ತೂಗಿ ಬಿಟ್ಟರೆ ಸಾಲದು, ಕೊಟ್ಟ ತುತ್ತು ಮೈಗೆ ಹತ್ತಿತೇ ಎಂದು ಮತ್ತೆ ತೂಗಬೇಕು.

ಈಗ ನಮ್ಮ ಮಾತು. ಅಗಳಿಯ ಜಿಲ್ಲೆಯ ಹೆಸರು 2022ರಲ್ಲಿ ಬದಲಾಯಿತು. ಅನಂತಪುರ ಹೋಗಿ ಶ್ರೀ ಸತ್ಯಸಾಯಿ ಬಂತು. 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗ ಆಂಧ್ರಕ್ಕೆ ಸೇರಿತು. ಗೆರೆಗಳು ಸರಿದಿವೆ, ನೆಲ ಅಲ್ಲೇ ಇದೆ. ಪಾವಗಡದ ಮೂರು ಕಡೆಗೂ ಆಂಧ್ರವೇ. ಮೋಡಕ್ಕೂ ಅಂತರ್ಜಲಕ್ಕೂ ರಾಜ್ಯದ ಗಡಿ ಗೊತ್ತಿಲ್ಲ.

ಆದ್ದರಿಂದ ಎರಡೂ ಸರ್ಕಾರಗಳನ್ನು ಕೇಳುತ್ತೇನೆ: ಆಂಧ್ರದ ಮಡಕಶಿರಾ, ರಾಯದುರ್ಗ, ಕರ್ನಾಟಕದ ಪಾವಗಡ, ಶಿರಾಗಳನ್ನು ಒಂದೇ ತಕ್ಕಡಿಯಲ್ಲಿ, ಮಂಡಲ ಮತ್ತು ಹೋಬಳಿಗಳ ಮಟ್ಟದಲ್ಲಿ ತೂಗಿ. ನೀರು, ಡಾಕ್ಟರು, ಕನ್ನಡ ಶಾಲೆಯ ಮೇಷ್ಟ್ರು, ಮೂರನ್ನೂ ಎಣಿಸಿ. ಎಣಿಸಿದ್ದನ್ನು ಜನರ ಮುಂದಿಡಿ. ದಾರಿಯನ್ನು ನಂಜುಂಡಪ್ಪನವರು ಆಗಲೇ ತೋರಿಸಿದ್ದಾರೆ.