ಕಿತ್ತಳೆ ಚುಕ್ಕಿಗೆ ಬಣ್ಣ ಹಚ್ಚುವವರು

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕಂಪ್ಯೂಟರ್ ಕಲಿತವರಿಗೆ ಪಿನ್‌ಬಾಲ್ ಎಂದರೆ ‘ಸ್ಪೇಸ್ ಕೆಡೆಟ್’. ಸೈಬರ್ ಕೆಫೆಯಲ್ಲಿ ಇಂಟರ್ನೆಟ್ ಕೈಕೊಟ್ಟಾಗ ಹೊತ್ತು ಹೋಗಲೆಂದು ಆಡುತ್ತಿದ್ದ ಆಟ. ಅದಕ್ಕೂ ಹಿಂದಿನವರಿಗೆ ಮೊಳೆ ಹೊಡೆದ ಹಲಗೆಯ ಮೇಲೆ ಗುಂಡು ಚಿಮ್ಮಿಸುವ ಬ್ಯಾಗಟೆಲ್ ನೆನಪಾಗಬಹುದು. ಆ ಹಲಗೆಗೇ ಗಾಜು, ಕರೆಂಟು, ಗಂಟೆ, ಗುಂಡನ್ನು ಮೇಲಕ್ಕೆ ಒದೆಯುವ ಫ್ಲಿಪ್ಪರು ಸೇರಿ ಬೆಳೆದದ್ದು ಅಮೆರಿಕದ ಪಿನ್‌ಬಾಲ್ ಯಂತ್ರ. ಫ್ಲಿಪ್ಪರು ಬಂದದ್ದು 1947ರಲ್ಲಿ, ಗಾಟ್ಲೀಬ್ ಕಂಪನಿಯ ‘ಹಂಪ್ಟಿ ಡಂಪ್ಟಿ’ ಯಂತ್ರದಲ್ಲಿ. ಈ ಉದ್ಯಮದ ತವರು ಷಿಕಾಗೊ.

ನಮ್ಮ ಕಥೆ ಶುರುವಾಗುವುದು 1991ರಲ್ಲಿ. ಅದುವರೆಗೆ ಅಂಕ ತೋರಿಸಲು ಇದ್ದದ್ದು ಅಂಕಿ, ಅಕ್ಷರ ಮಾತ್ರ ಮೂಡುವ ಸಾಲುಗಳು. ಆ ವರ್ಷ ಡೇಟಾ ಈಸ್ಟ್ ಕಂಪನಿ ‘ಚೆಕ್‌ಪಾಯಿಂಟ್’ ಯಂತ್ರಕ್ಕೆ ಚುಕ್ಕಿಗಳ ಪರದೆ ಹಾಕಿತು; ಅಡ್ಡಕ್ಕೆ 128, ಉದ್ದಕ್ಕೆ 16. ಅದೇ ವರ್ಷ ವಿಲಿಯಮ್ಸ್ ಕಂಪನಿಯ ‘ಟರ್ಮಿನೇಟರ್ 2’ ಬಂತು, ಎತ್ತರ ಇಮ್ಮಡಿಯಾಗಿ 128×32 ಆಯಿತು. ಒಟ್ಟು 4096 ಚುಕ್ಕಿ. ಚುಕ್ಕಿ ಇಟ್ಟು ರಂಗೋಲಿ ಬಿಡಿಸಿದವರಿಗೆ ಇದರಲ್ಲಿ ಏನೇನು ಸಾಧ್ಯ ಎಂದು ಬಿಡಿಸಿ ಹೇಳಬೇಕಿಲ್ಲ. ಗುಂಡು ಗುಳಿಗೆ ಬಿದ್ದು ಮತ್ತೆ ಹೊರಬರುವಷ್ಟರಲ್ಲಿ ಒಂದು ಪುಟ್ಟ ನಾಟಕವೇ ಪರದೆಯ ಮೇಲೆ ನಡೆದುಹೋಗುತ್ತಿತ್ತು. 1992ರ ‘ಆ್ಯಡಮ್ಸ್ ಫ್ಯಾಮಿಲಿ’ ಯಂತ್ರ 20,270 ಮಾರಾಟವಾಯಿತು. ವಿಲಿಯಮ್ಸ್ 1999ರಲ್ಲಿ ಪಿನ್‌ಬಾಲ್ ತಯಾರಿಕೆಯನ್ನೇ ನಿಲ್ಲಿಸಿತು. ಆ ಯಂತ್ರಗಳು ಮಾತ್ರ ಅಮೆರಿಕ, ಯೂರೋಪಿನ ಮನೆಗಳ ನೆಲಮಾಳಿಗೆಗಳಲ್ಲಿ ಇನ್ನೂ ಟಣ್ ಟಣ್ ಎನ್ನುತ್ತಿವೆ.

ಆ ಚುಕ್ಕಿಗಳ ಬಣ್ಣ ಕಿತ್ತಳೆ. ಎರಡು ಗಾಜಿನ ನಡುವೆ ತುಂಬಿದ ನಿಯಾನ್ ಅನಿಲಕ್ಕೆ ಹೆಚ್ಚಿನ ವೋಲ್ಟೇಜು ಕೊಟ್ಟಾಗ ಹುಟ್ಟುವ ಬೆಳಕು ಅದು. ವಿಲಿಯಮ್ಸ್ ಯಂತ್ರಗಳಲ್ಲಿ ಇದಕ್ಕೆಂದೇ ಒಂದು ಕಡೆ 62 ವೋಲ್ಟು, ಇನ್ನೊಂದು ಕಡೆ ಮೈನಸ್ 113 ಮತ್ತು ಮೈನಸ್ 125 ವೋಲ್ಟು ತಯಾರಾಗಬೇಕು. ವರ್ಷಗಳು ಕಳೆದಂತೆ ಗಾಜಿನೊಳಗಿನ ಅನಿಲವೂ ಎಲೆಕ್ಟ್ರೋಡುಗಳೂ ಕೆಡುತ್ತವೆ. ಮೊದಲು ಒಂದು ಸಾಲು ಮಿಣುಕುತ್ತದೆ, ಆಮೇಲೆ ಒಂದು ಅಂಚು ಮಸುಕಾಗುತ್ತದೆ. ಮುದಿ ಪರದೆಗೆ ಬೆಳಕು ಉಣಿಸಲು ಹೋಗಿ ವಿದ್ಯುತ್ ಬೋರ್ಡೂ ಬಿಸಿಯಾಗಿ ಸುಟ್ಟುಕೊಳ್ಳುತ್ತದೆ. ಪರದೆ ಬದಲಿಸುವುದು ಹೇಗೂ ತಪ್ಪದು ಎಂದಾದಾಗ ಹವ್ಯಾಸಿಗಳಿಗೆ ಹೊಳೆದ ಪ್ರಶ್ನೆ: ಬದಲಿಸುವುದೇ ಆದರೆ ಬಣ್ಣದ್ದೇ ಯಾಕಾಗಬಾರದು?

ಆದರೆ 1992ರ ಯಂತ್ರಕ್ಕೆ ಬಣ್ಣ ಎಂಬುದೇ ಗೊತ್ತಿಲ್ಲ. ಹದಿನಾಲ್ಕು ತಂತಿಯ ಚಪ್ಪಟೆ ಕೇಬಲಿನಲ್ಲಿ ಅದು ಕಳಿಸುವುದು ‘ಈ ಚುಕ್ಕಿ ಹತ್ತಲಿ, ಈ ಚುಕ್ಕಿ ಆರಲಿ’ ಎಂಬ ಆಜ್ಞೆ ಮಾತ್ರ. ಒಂದರ ಹಿಂದೊಂದು ಮೂರು ಚಿತ್ರ ಸರಸರನೆ ಬರುತ್ತವೆ. ಮೂರರಲ್ಲೂ ಹತ್ತಿದ ಚುಕ್ಕಿ ಕಣ್ಣಿಗೆ ಪ್ರಖರ, ಒಂದರಲ್ಲಿ ಮಾತ್ರ ಹತ್ತಿದ್ದು ಮಂದ. ಹೀಗೆ ಕತ್ತಲೂ ಸೇರಿ ನಾಲ್ಕು ಛಾಯೆ. ಬಣ್ಣದ ಪೆಟ್ಟಿಗೆ ಈ ತಂತಿಗಳ ತುದಿಯಲ್ಲಿ ಕೂತು ಕದ್ದು ಕೇಳುತ್ತದೆ. ಬಂದ ಚಿತ್ರಕ್ಕೆ ಲೆಕ್ಕ ಹಾಕಿ ಒಂದು ಗುರುತಿನ ಸಂಖ್ಯೆ ತೆಗೆಯುತ್ತದೆ. ಆ ಸಂಖ್ಯೆ ತನ್ನ ಪಟ್ಟಿಯಲ್ಲಿದ್ದರೆ ಅದಕ್ಕೆ ಗೊತ್ತುಮಾಡಿದ ಬಣ್ಣಗಳನ್ನು ಹಾಕುತ್ತದೆ. ಅಂಕ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಒಂದು ಚಿತ್ರ ಇದ್ದಂತೆ ಮತ್ತೊಂದಿರುವುದಿಲ್ಲವಲ್ಲ? ಅದಕ್ಕೇ ಅಂಕ ಬೀಳುವ ಜಾಗವನ್ನು ಮುಚ್ಚಿಟ್ಟು ಉಳಿದದ್ದನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಯಾರೋ ಒಬ್ಬರು ರಾತ್ರಿಗಟ್ಟಲೆ ಕೂತು ಒಂದು ಆಟದ ಸಾವಿರಾರು ಚಿತ್ರಗಳಿಗೆ ಕೈಯಾರೆ ಬಣ್ಣ ತುಂಬಿರುತ್ತಾರೆ. ನನ್ನ ಮಟ್ಟಿಗೆ ಈ ಕಸುಬಿನ ನಿಜವಾದ ಕಲಾವಿದರು ಅವರೇ.

ತಯಾರಾದದ್ದನ್ನೇ ಕೊಳ್ಳುವವರಿಗೆ ಕಲರ್‌ಡಿಎಂಡಿ ಎಂಬ ಬಣ್ಣದ ಪರದೆ ಇದೆ. ಅದು ಎಲ್‌ಸಿಡಿ ಪರದೆಯಲ್ಲೂ ಸಿಗುತ್ತದೆ, ಎಲ್‌ಇಡಿಯಲ್ಲೂ ಸಿಗುತ್ತದೆ. ಎಲ್‌ಸಿಡಿ ಚುಕ್ಕಿಯ ಚಿತ್ರವನ್ನು ಬರೆದು ತೋರಿಸುತ್ತದೆ, ಬೇಕೆಂದರೆ ಅಂಚುಗಳನ್ನು ನಯಮಾಡಿ ಚುಕ್ಕಿಯನ್ನೇ ಮಾಯ ಮಾಡುತ್ತದೆ. ಎಲ್‌ಇಡಿಯಲ್ಲಿ ಚುಕ್ಕಿ ಎಂದರೆ ನಿಜವಾದ ಚುಕ್ಕಿ, ಸುತ್ತಲಿನ ಕಪ್ಪು ನಿಜವಾದ ಕಪ್ಪು. ನನ್ನ ಓಟು ಎಲ್‌ಇಡಿಗೆ. ಆ ಚಿತ್ರಗಳನ್ನು ಬರೆದವರು ಚುಕ್ಕಿಗೆಂದೇ ಬರೆದರು; ಅದನ್ನು ನಯ ಮಾಡಿದರೆ ಮೂಗು ಮೂಗಾಗಿ ಉಳಿಯುವುದಿಲ್ಲ.

ಸ್ವಂತ ಕಟ್ಟಿಕೊಳ್ಳುವವರಿಗೆ ಬೇಕಾದ ಪ್ಯಾನೆಲ್ ನಮ್ಮ ಊರುಗಳ ಅಂಗಡಿ ಬೋರ್ಡುಗಳಲ್ಲಿ ಓಡುವ ಎಲ್‌ಇಡಿ ಫಲಕದ ತಮ್ಮ. ಅಂಗಡಿಯವರು ಹೇಳುವ ‘ಪಿ10’ ಎಂದರೆ ಚುಕ್ಕಿಯಿಂದ ಚುಕ್ಕಿಗೆ 10 ಮಿಲಿಮೀಟರು. ಹಳೆಯ ಪ್ಲಾಸ್ಮಾ ಪರದೆಯಲ್ಲಿ ಆ ಅಂತರ ಒಂದು ಇಂಚಿನ ಹತ್ತನೇ ಒಂದು ಭಾಗ, ಅಂದರೆ 2.54 ಮಿಲಿಮೀಟರು. ಬೇಕಾದ್ದು ಪಿ2.5. ಅದರಲ್ಲಿ 64×32 ಚುಕ್ಕಿಯ ಎರಡು ಪ್ಯಾನೆಲ್ ಪಕ್ಕಪಕ್ಕ ಇಟ್ಟರೆ 320×80 ಮಿಲಿಮೀಟರು. ಹಳೆಯ ಕಿಂಡಿಗೆ ಹೆಚ್ಚುಕಡಿಮೆ ಅಳತೆ ತೆಗೆದು ಮಾಡಿದಂತೆ ಕೂರುತ್ತದೆ. ಎಲ್ಲ ಯಂತ್ರಕ್ಕೂ ಇದೇ ಲೆಕ್ಕ ಎಂದು ಹೊರಡಬೇಡಿ. 1994ರ ‘ಮೇವರಿಕ್’ನಂಥವುಗಳ ಪರದೆ 192×64.

ಯಂತ್ರ ನನ್ನ ಬಳಿ ಇಲ್ಲ. ಆದರೆ ಕಂಪ್ಯೂಟರಿನಲ್ಲಿ ಆಡುವ ಪಿನ್‌ಬಾಲಿಗೂ ಇಂಥದೇ ಪರದೆ ಕಟ್ಟಬಹುದು. ಇಎಸ್‌ಪಿ32 ಎಂಬ ಅಗ್ಗದ ಚಿಪ್ಪಿಗೆ ‘ಜೆಡ್‌ಡಿಎಂಡಿ’ ಎಂಬ ಮುಕ್ತ ತಂತ್ರಾಂಶ ತುಂಬಿದರೆ ಸಾಕು. ಅದನ್ನು ನಂಬಿ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಒಂದು ಮಧ್ಯಾಹ್ನ ಅಲೆದೆ.

“ಬೋರ್ಡಿಗೆ ಹಾಕೋದಾ ಸರ್?” ಎಂದರು ಅಂಗಡಿಯವರು.

“ಅಲ್ಲ, ಆಟಕ್ಕೆ.”

ಅವರು ನನ್ನ ತಲೆಯ ಬಿಳಿ ಕೂದಲು ನೋಡಿದರು. “ಎಲ್ಲಾ ಒಂದೇ ಸರ್. ಬೆಳಕು ಬಂದ್ರೆ ಸಾಕಲ್ವಾ?”

ಬೆಳಕು ಬಂದದ್ದು ಅರ್ಧಕ್ಕೆ ಮಾತ್ರ. ಮನೆಗೆ ತಂದು ಜೋಡಿಸಿದರೆ ಒಂದು ಪ್ಯಾನೆಲ್ ನಗುತ್ತಿದೆ, ಇನ್ನೊಂದು ಕಪ್ಪಗೆ ಕೂತಿದೆ. ಎರಡು ದಿನ ತಂತಿ ಕಿತ್ತು ಹಾಕಿದ ಮೇಲೆ ಪ್ಯಾನೆಲ್‌ಗಳ ಬೆನ್ನು ತಿರುಗಿಸಿ ಭೂತಗನ್ನಡಿ ಹಿಡಿದೆ. ಬೆಳಗುತ್ತಿದ್ದುದರ ಚಿಪ್ ಬೇರೆ, ಕಪ್ಪಗಿದ್ದುದರದು ಎಫ್‌ಎಂ6126ಎ. ಈ ಚಿಪ್ಪಿಗೆ ಶುರುವಿನಲ್ಲೇ ಒಂದಿಷ್ಟು ಆಜ್ಞೆ ಕೊಟ್ಟು ಎಬ್ಬಿಸಬೇಕು, ಇಲ್ಲವಾದರೆ ಅದು ಕಣ್ಣು ತೆರೆಯುವುದಿಲ್ಲ. ಎಬ್ಬಿಸಿದ ಮೇಲೂ ಎಡಗಡೆಯ ಕೆಂಪಿಗೂ ಬಲಗಡೆಯ ಕೆಂಪಿಗೂ ಹೊಂದಲಿಲ್ಲ. ಎರಡೂ ಸೇರುವ ಗೆರೆ ಪರದೆಯ ನಟ್ಟನಡುವೆ, ಮುಖ ಮೂಡುವ ಜಾಗದಲ್ಲಿ ಬರುತ್ತದೆ. ಅರ್ಧ ಮುಖಕ್ಕೆ ಜ್ವರ ಬಂದಂತೆ ಕಾಣುತ್ತಿತ್ತು.

ಈಗ ಪರದೆಯನ್ನು ನಡೆಸುವ ಮೆದುಳಿನ ವಿಷಯ. ಹಳೆಯ ಯಂತ್ರದ ತಂತಿಗಳಲ್ಲಿ ಓಡುವುದು 5 ವೋಲ್ಟಿನ ಸಂಕೇತ. ಇಎಸ್‌ಪಿ32 ಆಗಲಿ, 2021ರಲ್ಲಿ ಬಂದ ರಾಸ್ಪ್‌ಬೆರಿ ಪೈ ಪಿಕೊ ಆಗಲಿ 3.3 ವೋಲ್ಟಿನವು, ನೇರ ಕೊಟ್ಟರೆ ಕೆಡುತ್ತವೆ. ನಡುವೆ 74ಎಲ್‌ವಿಸಿ245ರಂಥ ದುಬಾಷಿ ಚಿಪ್ ಬೇಕು. ಪಿಕೊ ಪರವಾಗಿ ಹೇಳಬೇಕಾದ್ದೆಂದರೆ, ಅದರಲ್ಲಿ ಪಿನ್ನುಗಳನ್ನು ಕಾಯುವುದಕ್ಕೆಂದೇ ಪ್ರತ್ಯೇಕ ಪುಟ್ಟ ಯಂತ್ರಗಳಿವೆ, ವೇಗವಾಗಿ ಬರುವ ಈ ಸಂಕೇತವನ್ನು ತಪ್ಪದೆ ಹಿಡಿಯುತ್ತವೆ. ಯೂರೋಪಿನ ಹವ್ಯಾಸಿಗಳ ‘ಪಿನ್2ಡಿಎಂಡಿ’ ಆರಿಸಿಕೊಂಡದ್ದು ಎಸ್‌ಟಿಎಂ32ಎಫ್407 ಬೋರ್ಡನ್ನು. ಅದು 168 ಮೆಗಾಹರ್ಟ್ಸ್ ವೇಗದ ಚಿಪ್, ಅದರ ಬಹುಪಾಲು ಪಿನ್ನುಗಳು 5 ವೋಲ್ಟನ್ನು ನೇರವಾಗಿಯೇ ತಾಳಿಕೊಳ್ಳುತ್ತವೆ. ಹಳೆಯ ಯಂತ್ರಕ್ಕೆ ಕೈ ಹಾಕುವವರು ಅಗ್ಗಕ್ಕಿಂತ ಈ ತಾಳ್ಮೆಯನ್ನು ಆರಿಸುವುದು ಮೇಲು.

ವಿದ್ಯುತ್ತಿನಲ್ಲಿ ಕಂಜೂಸು ಮಾಡಿದವರ ಪರದೆಯನ್ನು ದೂರದಿಂದಲೇ ಗುರುತಿಸಬಹುದು. ಒಂದು ಪ್ಯಾನೆಲ್ ಪೂರ್ತಿ ಬಿಳಿಯಾಗಿ ಬೆಳಗಿದರೆ 5 ವೋಲ್ಟಿನಲ್ಲಿ ಸುಮಾರು 4 ಆಂಪಿಯರ್ ಎಳೆಯುತ್ತದೆ, ಎರಡಕ್ಕೆ 8. ತಂತಿ ಸಪೂರವಾದರೆ ವೋಲ್ಟೇಜು ಕುಗ್ಗುತ್ತದೆ. ನೀಲಿ, ಹಸಿರು ದೀಪಕ್ಕೆ ಕೆಂಪಿಗಿಂತ ಹೆಚ್ಚು ವೋಲ್ಟೇಜು ಬೇಕಾದ್ದರಿಂದ ಮೊದಲು ಸೊರಗುವುದು ಅವೇ. ಬಿಳಿ ಎಂದದ್ದು ಕೆಂಪಾಗಿ ತಿರುಗುತ್ತದೆ. ಯಂತ್ರದ ಒಳಗಿನ 5 ವೋಲ್ಟನ್ನು ಇದಕ್ಕೆ ಎಳೆಯಲೇಬಾರದು. ಬೇರೆ ಸಪ್ಲೈ ಇಟ್ಟು ನೆಲದ ತಂತಿಯನ್ನಷ್ಟೇ ಒಂದು ಮಾಡಬೇಕು. ಲಾಭ ಒಂದಿದೆ: ಆ ಮೈನಸ್ 125 ವೋಲ್ಟಿನ ಕಾಟ ಮುಗಿಯುತ್ತದೆ. ಹಳೆಯ ಪರದೆಯನ್ನು ಬಿಚ್ಚುವ ಮೊದಲು ಪ್ಲಗ್ ಕಿತ್ತು ಕೆಪಾಸಿಟರುಗಳು ಬರಿದಾಗುವವರೆಗೆ ಕಾಯಿರಿ, ಮೀಟರ್ ಇಟ್ಟು ನೋಡಿಯೇ ಮುಟ್ಟಿ.

ಇನ್ನೊಂದು ಮಾತು. ಈ ಪ್ಯಾನೆಲ್‌ಗಳ ಪ್ರಖರತೆ ಇರುವುದು ದೂರದಿಂದ ಓದುವ ಬೋರ್ಡಿಗೆ. ಮಬ್ಬು ಕೋಣೆಯಲ್ಲಿ, ಕೈಯಳತೆಯ ದೂರದಲ್ಲಿ ಅದು ಕಣ್ಣಿಗೆ ಚುಚ್ಚುತ್ತದೆ. ತಂತ್ರಾಂಶದಲ್ಲಿ ಬೆಳಕು ತೀರ ಇಳಿಸಿದರೆ ಮಂದ ಛಾಯೆಗಳು ಒಂದರೊಳಗೊಂದು ಕರಗಿಹೋಗುತ್ತವೆ. ಮುಂದೆ ಹೊಗೆಬಣ್ಣದ ಅಕ್ರಿಲಿಕ್ ಹಾಳೆ ಇಡುವುದು ಹಳಬರ ಉಪಾಯ. ಬೆಳಕೂ ಹದಕ್ಕೆ ಬರುತ್ತದೆ, ಕಪ್ಪೂ ಗಾಢವಾಗುತ್ತದೆ.

ನನ್ನ ಪರದೆಗೆ ಆಮೇಲೆ ಬೇರೆ ಜೋಡಿ ತಂದೆ. ನೀವು ಕೊಳ್ಳಲು ಹೋದರೆ ಅಂಗಡಿಯಲ್ಲೇ ಪ್ಯಾನೆಲ್ ತಿರುಗಿಸಿ ಚಿಪ್ ಸಂಖ್ಯೆ ಓದಿ, ಎರಡನ್ನೂ ಒಂದೇ ಡಬ್ಬದಿಂದ ತೆಗೆಸಿಕೊಳ್ಳಿ, ಒಂದು ಹೆಚ್ಚಿಗೆ ತಂದಿಟ್ಟುಕೊಳ್ಳಿ. ಆರು ತಿಂಗಳ ಮೇಲೆ ಅದೇ ಅಂಗಡಿಗೆ ಹೋದರೆ ಅದೇ ಮಾಲು ಸಿಗುವುದಿಲ್ಲ.