ಬಸ್ಸಿಗೆ ಮಸಿ, ಲಾಟ್‌ಗೆ ಕೆಂಪು ಟ್ಯಾಗ್

2022ರ ಡಿಸೆಂಬರ್ 6 ಪುಣೆಯಲ್ಲಿರುವ ಕನ್ನಡಿಗರಿಗೆ ನೆನಪಿರುತ್ತದೆ. ಬೆಳಗಾವಿ ಹತ್ತಿರದ ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು. ಅದೇ ದಿನ ಇಲ್ಲಿ ಸ್ವಾರ್‌ಗೇಟ್ ಭಾಗದಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ಸಂಜೆ ಗದಗಿನಿಂದ ಅವ್ವ ಫೋನ್ ಮಾಡಿದಳು. "ನಾಕ ದಿನ ಹೊರಗ ಕನ್ನಡ ಮಾತಾಡಬ್ಯಾಡೋ, ಸುಮ್ನ ಡ್ಯೂಟಿ ಮಾಡಿ ಮನೀಗೆ ಬಾ" ಎಂದಳು.

ಮರುದಿನ ನನಗೆ ಸೆಕೆಂಡ್ ಶಿಫ್ಟ್. ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆ ನಮ್ಮದು, ನಾನು ಕ್ವಾಲಿಟಿ ವಿಭಾಗದವನು. ರಾತ್ರಿ ಹತ್ತು ಗಂಟೆ ಸುಮಾರಿಗೆ ಮೂರನೇ ಲೈನಿನ ಮಾಲು ಅಳೆದಾಗ ಬೋರ್ ದುಂಡಗಿಲ್ಲದೆ ತುಸು ಅಂಡಾಕಾರ ಬಂದಿತ್ತು. ಇನ್ನೂರಾ ನಲವತ್ತು ಪೀಸ್‌ಗಳ ಇಡೀ ಲಾಟ್‌ಗೆ ಕೆಂಪು ಟ್ಯಾಗ್ ಹಚ್ಚಿ ಹೋಲ್ಡ್ ಮಾಡಿದೆ. ಆ ಲೈನಿನ ಸೂಪರ್‌ವೈಸರ್ ಸಾತಾರಾ ಕಡೆಯವರು, ಐವತ್ತು ದಾಟಿದವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತೇವೆ. ಅವರು ಟ್ಯಾಗ್ ನೋಡಿದರು, ನನ್ನ ಮುಖ ನೋಡಿದರು. "ಬಸ್ಸಿಗೆ ಮಸಿ ಹಚ್ಚಿದ್ದರ ಸಿಟ್ಟು ನನ್ನ ಮಾಲಿನ ಮೇಲೆ ತೀರಿಸ್ಕೋತೀರೇನು? ತುಮ್ಹೀ ಲೋಕ ಅಸೇಚ್" ಎಂದರು. ನೀವು ಜನರೇ ಹೀಗೆ, ಎಂದು ಅರ್ಥ.

ಆ ಮಾತು ನನಗೆ ಚುಚ್ಚಿತು. ಮನೆಗೆ ಬಂದು ರಾತ್ರಿ ಹನ್ನೆರಡೂವರೆಗೆ ಪ್ಲಾಂಟ್ ಹೆಡ್‌ಗೂ ಎಚ್‌ಆರ್‌ಗೂ ಮೇಲ್ ಬರೆದೆ. ನಾನು ಭಾಷೆಯ ಕಾರಣಕ್ಕೆ ದ್ವೇಷಕ್ಕೊಳಗಾಗಿದ್ದೇನೆ, ಮೂರನೇ ಲೈನಿನವರು ಬೇಕೆಂದೇ ಕ್ವಾಲಿಟಿ ವಿಭಾಗವನ್ನು ವಿರೋಧಿಸುತ್ತಾರೆ ಎಂದೆಲ್ಲ ಬರೆದಿದ್ದೆ. ವಾರದೊಳಗೆ ಕಾಕಾಗೆ ಮೆಮೊ ಹೋಯಿತು. ಆ ವರ್ಷದ ಇನ್‌ಕ್ರಿಮೆಂಟೂ ನಿಂತಿತು. ನಮ್ಮ ಹುಡುಗರು ಕ್ಯಾಂಟೀನಿನಲ್ಲಿ ನನ್ನ ಬೆನ್ನು ತಟ್ಟಿದರು. "ಈ ಮಂದೀನ ಹಿಂಗ ಸರ್, ಭೇಷ್ ಮಾಡಿದ್ರಿ" ಎಂದ ಬೈಲಹೊಂಗಲದ ಹುಡುಗ. ಅದು ಕಾಕಾ ಅಂದ ಮಾತಿನದೇ ಕನ್ನಡ ರೂಪ ಎಂದು ಆಗ ನನಗೆ ಹೊಳೆಯಲಿಲ್ಲ.

ಕಂಪನಿಯೂ ಸುಮ್ಮನೆ ಕೂರಲಿಲ್ಲ. ಎರಡು ದಿನದ ತರಬೇತಿ ಇಟ್ಟರು. ಪ್ರಶ್ನೆಪತ್ರಿಕೆ ತುಂಬಿದರೆ ನಿಮ್ಮ ಸ್ವಭಾವ ಕೆಂಪೋ ಹಳದಿಯೋ ಹಸಿರೋ ನೀಲಿಯೋ ತಿಳಿಯುತ್ತದಂತೆ. ನಾನು ನೀಲಿ, ಕಾಕಾ ಕೆಂಪು. ಪರಿಣಾಮ ಇಷ್ಟೇ: ಮೊದಲು "ಅವರು ಸಾತಾರಾದವರು, ಹಾಗೇ" ಎನ್ನುತ್ತಿದ್ದವರು ಈಗ "ಅವರು ರೆಡ್, ಹಾಗೇ" ಎನ್ನತೊಡಗಿದರು. ಬೈಗುಳಕ್ಕೆ ಸರ್ಟಿಫಿಕೇಟ್ ಸಿಕ್ಕಂತಾಯಿತು. ಆಮೇಲೆ ಲೋಣಾವಳಕ್ಕೆ ಒಂದು ದಿನದ ಪ್ರವಾಸ ಹೋದೆವು. ಬಸ್ಸಿನಲ್ಲಿ ಎಡಗಡೆ ಕ್ವಾಲಿಟಿ, ಬಲಗಡೆ ಪ್ರೊಡಕ್ಷನ್. ಅಂತ್ಯಾಕ್ಷರಿಯಲ್ಲೂ ಜಗಳವಾಯಿತು.

ಕರ್ವೆನಗರದಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ. ಧಾರವಾಡದ ಕಡೆಯವರು, ಇಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತರಾದವರು. ನಾನು ಅವರನ್ನು ಅಕ್ಕೋರು ಎನ್ನುತ್ತೇನೆ. ಸಂಕ್ರಾಂತಿಯ ಎಳ್ಳು ಕೊಡಲು ಹೋದಾಗ ಇದನ್ನೆಲ್ಲ ಹೇಳಿಕೊಂಡೆ. ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ಜಗಳ ಯಾವ ಹೊತ್ತಿನ್ಯಾಗ ಆಗ್ತದ?" ಮತ್ತು "ನಿಮ್ಮಂಥಾ ಕಾರ್ಖಾನಿ ಬೆಂಗಳೂರಾಗೂ ಇರ್ತಾವಲ್ಲ, ಅಲ್ಲಿ ಈ ಜಗಳ ಇಲ್ಲೇನು?"

ಎರಡನೆಯದಕ್ಕೆ ಉತ್ತರ ಬೇಗ ಸಿಕ್ಕಿತು. ಬೊಮ್ಮಸಂದ್ರದಲ್ಲಿ ಇದೇ ಕೆಲಸ ಮಾಡುವ ಸಹಪಾಠಿಗೆ ಫೋನ್ ಮಾಡಿದೆ. ಅವನು ನಕ್ಕ. "ನಮ್ಮಲ್ಲೂ ಕ್ವಾಲಿಟಿಗೂ ಪ್ರೊಡಕ್ಷನ್‌ಗೂ ದಿನಾ ಇದೇ. ಎಲ್ಲರೂ ಕನ್ನಡದವರೇ ಅಲ್ವಾ, ಅದಕ್ಕೆ ಇಲ್ಲಿ ಮಂಡ್ಯದವರು ಹಿಂಗೆ, ಹಾಸನದವರು ಹಿಂಗೆ ಅಂತ ಬೈಕೋತೀವಿ."

ಮೊದಲನೆಯದಕ್ಕೆ ರಿಜಿಸ್ಟರ್ ತೆಗೆಯಬೇಕಾಯಿತು. ಆರು ತಿಂಗಳ ಕೆಂಪು ಟ್ಯಾಗ್‌ಗಳನ್ನು ಗಂಟೆಯ ಲೆಕ್ಕದಲ್ಲಿ ಜೋಡಿಸಿದೆ. ಬಹುಪಾಲು ಶಿಫ್ಟಿನ ಕೊನೆಯ ಒಂದೂವರೆ ಗಂಟೆಯಲ್ಲೇ ಇದ್ದವು. ಬೆಳಗಾವಿ ಸುದ್ದಿಯಲ್ಲಿದ್ದ ವಾರಗಳಲ್ಲಿ ಹೆಚ್ಚೂ ಇಲ್ಲ, ಇಲ್ಲದ ವಾರಗಳಲ್ಲಿ ಕಡಿಮೆಯೂ ಇಲ್ಲ. ಯಾಕೆ ಕೊನೆಯ ಒಂದೂವರೆ ಗಂಟೆ? ಲೋಹ ಕೊರೆಯುವ ಇನ್ಸರ್ಟ್ ಸವೆಯುತ್ತದೆ, ಇಂತಿಷ್ಟು ಪೀಸ್ ಆದಮೇಲೆ ಬದಲಿಸಬೇಕು. ಬದಲಿಸಿ, ಆಫ್‌ಸೆಟ್ ಹೊಂದಿಸಿ, ಮೊದಲ ಪೀಸ್ ಪರೀಕ್ಷೆ ಮಾಡಿಸಲು ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷದ ಪೀಸ್‌ಗಳು ಶಿಫ್ಟಿನ ಲೆಕ್ಕದಿಂದ ಕಳೆದುಹೋಗುತ್ತವೆ. ಕಾಕಾ ಅವರನ್ನು ತಿಂಗಳ ಬೋರ್ಡಿನಲ್ಲಿ ಅಳೆಯುವುದು ಪೀಸ್ ಲೆಕ್ಕದಲ್ಲಿ. ಹಾಗಾಗಿ ಶಿಫ್ಟ್ ಮುಗಿಯುವ ಹೊತ್ತಿಗೆ ಯಾರೂ ಇನ್ಸರ್ಟ್ ಬದಲಿಸುವುದಿಲ್ಲ, ಮುಂದಿನ ಶಿಫ್ಟಿನವರು ಬದಲಿಸಲಿ ಎಂದು ಎಳೆಯುತ್ತಾರೆ.

ಇನ್ನು ನಮ್ಮ ಕಡೆ. ನಾಲ್ಕು ಲೈನಿಗೆ ಒಬ್ಬನೇ ಇನ್‌ಸ್ಪೆಕ್ಟರ್. ಮೂರನೇ ಲೈನ್ ಮೂಲೆಯಲ್ಲಿದೆ, ಅಲ್ಲಿಗೆ ಅವನು ಹೋಗುವುದು ಕೊನೆಗೆ. ಅಷ್ಟರಲ್ಲಿ ಇನ್ನೂರು ಪೀಸ್ ಆಗಿರುತ್ತವೆ. ನಮ್ಮನ್ನು ಹೊಗಳುವುದು ಯಾವುದಕ್ಕೆ? ಎಷ್ಟು ಕೆಟ್ಟ ಮಾಲು ಹಿಡಿದಿರಿ ಎಂಬುದಕ್ಕೆ. ಕೆಟ್ಟ ಮಾಲು ಆಗದಂತೆ ನೋಡಿಕೊಂಡರೆ ನಮ್ಮ ಬೋರ್ಡಿನಲ್ಲಿ ಅದು ಸೊನ್ನೆ. ಅವರ ಸೋಲು ನಮ್ಮ ಗೆಲುವು, ನಮ್ಮ ಗೆಲುವು ಅವರ ಸೋಲು. ಇದರಲ್ಲಿ ಮರಾಠಿ ಎಲ್ಲಿದೆ, ಕನ್ನಡ ಎಲ್ಲಿದೆ?

ಅಕ್ಕೋರು ಕೊಟ್ಟ ಪುಸ್ತಕಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮುಜಾಫರ್ ಶೆರಿಫ್ ಎಂಬ ಮನಶ್ಶಾಸ್ತ್ರಜ್ಞನ ಕೆಲಸ. ಟರ್ಕಿಯಲ್ಲಿ ಇಜ್ಮಿರ್ ಪ್ರಾಂತದ ಓಡೆಮಿಶ್‌ನಲ್ಲಿ ಹುಟ್ಟಿದವನು. 1919ರಲ್ಲಿ ಗ್ರೀಕ್ ಸೈನ್ಯ ಇಜ್ಮಿರ್ ಪ್ರವೇಶಿಸಿದಾಗಿನ ಹಿಂಸೆಯನ್ನು ಹುಡುಗನಾಗಿ ಕಂಡವನು. ನೆರೆಹೊರೆಯವರು ಹೇಗೆ ಶತ್ರುಗಳಾಗುತ್ತಾರೆ ಎಂಬುದನ್ನು ಜೀವನಪೂರ್ತಿ ಕೆದಕಿದ. 1954ರ ಬೇಸಿಗೆಯಲ್ಲಿ ಅಮೆರಿಕದ ಓಕ್ಲಹೋಮಾದ ರಾಬರ್ಸ್ ಕೇವ್ ಉದ್ಯಾನದಲ್ಲಿ 22 ಹುಡುಗರ ಶಿಬಿರ ನಡೆಸಿದ. ಎಲ್ಲರೂ ಹನ್ನೊಂದರ ಆಸುಪಾಸಿನವರು, ಒಂದೇ ಬಗೆಯ ಮನೆಗಳಿಂದ ಬಂದವರು. ಎರಡು ಗುಂಪು ಮಾಡಿ, ಪಂದ್ಯಗಳನ್ನಿಟ್ಟು, ಗೆದ್ದ ಗುಂಪಿಗೆ ಮಾತ್ರ ಬಹುಮಾನ ಎಂದ. ಕೆಲವೇ ದಿನಗಳಲ್ಲಿ ಬಾವುಟ ಸುಟ್ಟರು, ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗಿದರು. ಆಮೇಲೆ ಶೆರಿಫ್ ಎರಡೂ ಗುಂಪುಗಳನ್ನು ಸಿನಿಮಾಕ್ಕೆ, ಊಟಕ್ಕೆ ಒಟ್ಟಿಗೆ ಕೂರಿಸಿ ನೋಡಿದ. ಊಟದ ತಟ್ಟೆಯೇ ಆಯುಧವಾಯಿತು. ನಮ್ಮ ಲೋಣಾವಳ ಪ್ರವಾಸ ಇದೇ ಅಲ್ಲವೇ ಎನಿಸಿತು. ಕೊನೆಗೆ ಶಿಬಿರದ ನೀರು ನಿಲ್ಲಿಸಿದ, ಊಟ ತರುವ ಟ್ರಕ್ ಕೆಟ್ಟಿದೆ ಎಂದ. ಒಬ್ಬರಿಂದ ಆಗದ, ಇಬ್ಬರಿಗೂ ಬೇಕಾದ ಕೆಲಸಗಳು ಒಂದರ ಹಿಂದೆ ಒಂದು ಬಂದಾಗ ಹಗೆ ಮೆಲ್ಲಗೆ ಇಳಿಯಿತು. ಮನೆಗೆ ಮರಳುವಾಗ ಒಂದೇ ಬಸ್ಸಿನಲ್ಲಿ ಹೋಗೋಣ ಎಂದರಂತೆ ಹುಡುಗರು. ಆ ಸಾಲು ಓದಿ ಸ್ವಾರ್‌ಗೇಟ್ ನೆನಪಾಯಿತು.

ಆದರೆ ಈ ಕಥೆಗೊಂದು ಹಿಂಬದಿಯಿದೆ, ಅದು ನನಗೆ ಇನ್ನೂ ಮುಖ್ಯ. ಹಿಂದಿನ ವರ್ಷ, 1953ರಲ್ಲಿ, ಶೆರಿಫ್ ನ್ಯೂಯಾರ್ಕ್ ರಾಜ್ಯದ ಮಿಡಲ್ ಗ್ರೋವ್‌ನಲ್ಲಿ ಇಂಥದೇ ಶಿಬಿರ ಮಾಡಿ ಸೋತಿದ್ದ. ಅಲ್ಲಿ ಹುಡುಗರು ಗುಂಪಾಗುವ ಮೊದಲೇ ಗೆಳೆಯರಾಗಿದ್ದರು. ಸಿಬ್ಬಂದಿ ಗುಟ್ಟಾಗಿ ಒಂದು ಗುಂಪಿನ ಗುಡಾರ ಕೆಡವಿ, ಅನುಮಾನ ಇನ್ನೊಂದು ಗುಂಪಿನ ಮೇಲೆ ಬರಲಿ ಎಂದು ಕಾದರು. ಹುಡುಗರು ಹೊಡೆದಾಡಲಿಲ್ಲ, ಇದು ಶಿಬಿರ ನಡೆಸುವವರದೇ ಕಿತಾಪತಿ ಎಂದು ಊಹಿಸಿದರು. ಆಸ್ಟ್ರೇಲಿಯಾದ ಲೇಖಕಿ ಜೀನಾ ಪೆರಿ ಹಳೆಯ ಕಾಗದಪತ್ರ ತೆಗೆದು, ಬದುಕಿದ್ದವರನ್ನು ಹುಡುಕಿ ಮಾತಾಡಿಸಿ, 2018ರ ತಮ್ಮ 'ದಿ ಲಾಸ್ಟ್ ಬಾಯ್ಸ್' ಪುಸ್ತಕದಲ್ಲಿ ಇದನ್ನು ಬರೆದಿದ್ದಾರೆ. ಹನ್ನೊಂದು ವರ್ಷದ ಮಕ್ಕಳು ಪಂದ್ಯ ಇಟ್ಟವರು ಯಾರು ಎಂದು ಕೇಳಿದ್ದರು. ನಾವು, ಡಿಗ್ರಿ ಇದ್ದವರು, ಬೋರ್ಡಿನ ಕಡೆ ತಿರುಗಿಯೂ ನೋಡಿರಲಿಲ್ಲ.

ಇನ್ನೊಬ್ಬರ ನಡೆಗೆ ಅವರ ಸ್ವಭಾವವನ್ನು ಕಾರಣ ಮಾಡಿ, ಅವರು ನಿಂತ ಜಾಗವನ್ನು ಮರೆಯುವುದಕ್ಕೆ ಲೀ ರಾಸ್ ಎಂಬಾತ 1977ರಲ್ಲಿ ಒಂದು ಹೆಸರು ಕೊಟ್ಟ. ಕನ್ನಡದಲ್ಲಿ ಆರೋಪಣೆಯ ಮೂಲದೋಷ ಎನ್ನಬಹುದೇನೋ. ನಾನು ಟ್ಯಾಗ್ ಹಚ್ಚಿದ್ದು ಬೋರ್ ಕೆಟ್ಟಿದ್ದಕ್ಕೆ, ಕಾಕಾ ಕೂಗಾಡಿದ್ದು ಅವರು ಮರಾಠಿಗ ಎಂಬುದಕ್ಕೆ. ನನ್ನ ಲೆಕ್ಕ ಹಾಗಿತ್ತು, ಅವರ ಲೆಕ್ಕ ಇದರ ತಿರುವುಮುರುವು.

ಹಾಗೆಂದು ಭಾಷೆ ಲೆಕ್ಕಕ್ಕೇ ಇಲ್ಲ ಎಂದರೆ ಅದು ಸುಳ್ಳು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 1970ರ ಸುಮಾರಿಗೆ ಹೆನ್ರಿ ತಾಜ್ಫೆಲ್ ಶಾಲಾ ಹುಡುಗರಿಗೆ, ನೀವು ಪೌಲ್ ಕ್ಲೇ ಚಿತ್ರ ಮೆಚ್ಚಿದವರು, ನೀವು ಕಾಂಡಿನ್ಸ್ಕಿ ಚಿತ್ರ ಮೆಚ್ಚಿದವರು ಎಂದು ಹೆಸರಿಗಷ್ಟೇ ವಿಂಗಡಿಸಿದ. ಅಷ್ಟಕ್ಕೇ ಅವರು ಹಣ ಹಂಚುವಾಗ ತಮ್ಮ ಗುಂಪಿನ ಕಡೆ ವಾಲಿದರು. ಚಿತ್ರದ ಹೆಸರಿಗೇ ಹಾಗಾದರೆ, ತಾಯಿನುಡಿ ಬಿಟ್ಟೀತೇ? ನಮ್ಮಲ್ಲಿ ಆಗಿದ್ದೇನೆಂದರೆ, ಕ್ವಾಲಿಟಿಗೆ ಹಿಂದಿನ ಮ್ಯಾನೇಜರ್ ಪರಿಚಯದ ಮೇಲೆ ಹುಬ್ಬಳ್ಳಿ, ಬೆಳಗಾವಿಯ ಹುಡುಗರನ್ನೇ ತಂದಿದ್ದರು. ಪ್ರೊಡಕ್ಷನ್ ತುಂಬ ಸಾತಾರಾ, ಸಾಂಗ್ಲಿಯವರು. ಕೆಲಸದ ಗೆರೆ, ಭಾಷೆಯ ಗೆರೆ ಒಂದರ ಮೇಲೊಂದು ಬಿದ್ದಿದ್ದವು. ಬಿರುಕು ಬಿಟ್ಟಿದ್ದು ಬೋರ್ಡಿನಿಂದ, ಕಂಡಿದ್ದು ಭಾಷೆಯ ಗುಂಟ. ಪರವೂರಿನಲ್ಲಿ ನಮ್ಮವರನ್ನು ಕೆಲಸಕ್ಕೆ ಸೇರಿಸುವುದು ಪುಣ್ಯದ ಕೆಲಸ ಎಂದೇ ನಾನೂ ತಿಳಿದಿದ್ದೆ, ಮೂವರನ್ನು ಸೇರಿಸಿದ್ದೇನೆ. ಒಂದೇ ವಿಭಾಗಕ್ಕೆ ಸೇರಿಸಿದ್ದು ಸರಿಯಾಗಲಿಲ್ಲ ಎಂದು ಈಗ ಅನಿಸುತ್ತದೆ.

ಅಮೆರಿಕದ ಶಿಬಿರ ತಂದು ಚಾಕಣದಲ್ಲಿ ನೆಡುವುದು ಸರಿಯೇ ಎಂದು ನಮ್ಮ ಪ್ಲಾಂಟ್ ಹೆಡ್ ಕೇಳಿದರು. ಅದಕ್ಕೆ ಅಹಮದಾಬಾದಿನ ಉದಾಹರಣೆ ಇಟ್ಟೆ. ಕ್ಯಾಲಿಕೊ ಮಿಲ್‌ಗೆ ಸ್ವಯಂಚಾಲಿತ ಮಗ್ಗ ತಂದರೂ ಉತ್ಪಾದನೆ ಸುಧಾರಿಸಿರಲಿಲ್ಲ. 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಬಂದು ನೋಡಿದರೆ, ಶೆಡ್‌ನಲ್ಲಿ ಹನ್ನೆರಡು ಬಗೆಯ ಕೆಲಸ, ಪ್ರತಿಯೊಬ್ಬನಿಗೂ ಬೇರೆ ಬೇರೆ ಸಂಖ್ಯೆಯ ಮಗ್ಗ. ಯಾರು ಯಾರ ಜೊತೆ ಎಂಬುದೇ ಗೊತ್ತಿಲ್ಲ. ಒಂದಿಷ್ಟು ಮಗ್ಗಕ್ಕೆ ಒಂದು ಗುಂಪು ಪೂರ್ತಿ ಹೊಣೆ ಎಂಬ ಸೂಚನೆ ಕೊಟ್ಟಾಗ ಕಾರ್ಮಿಕರೇ ಗುಂಪು ಕಟ್ಟಿಕೊಂಡರು. ಬಟ್ಟೆ ಹೆಚ್ಚಿತು, ಹಾಳಾಗುವುದು ಇಳಿಯಿತು. ಯಾರ ಸ್ವಭಾವವನ್ನೂ ರಿಪೇರಿ ಮಾಡಿರಲಿಲ್ಲ. 1970ರಲ್ಲಿ ಎರಿಕ್ ಮಿಲ್ಲರ್ ಮತ್ತೆ ಹೋಗಿ ನೋಡಿದಾಗ ಆ ಪದ್ಧತಿ ಕೆಲವು ಕಡೆ ಉಳಿದಿತ್ತು, ಕೆಲವು ಕಡೆ ಕರಗಿತ್ತು. ಇದನ್ನೂ ಮುಚ್ಚಿಡದೆ ಹೇಳಿದೆ.

ಒಪ್ಪಿಗೆ ಸಿಗಲು ನಾಲ್ಕು ತಿಂಗಳಾಯಿತು. ಬದಲಾಗಿದ್ದು ಮೂರು ಸಣ್ಣ ಸಂಗತಿ. ಇನ್ಸರ್ಟ್ ಬದಲಿಸುವ ಸಮಯವನ್ನು ಶಿಫ್ಟಿನ ಗುರಿಯಿಂದ ಕಳೆಯುತ್ತಾರೆ. ನಮ್ಮ ಇನ್‌ಸ್ಪೆಕ್ಟರ್ ಮೂರನೇ ಲೈನಿಗೆ ಮೊದಲು ಹೋಗುತ್ತಾನೆ. ಹೋಲ್ಡ್ ಆದ ಲಾಟ್ ಈಗ ಎರಡೂ ವಿಭಾಗದ ಬೋರ್ಡಿನಲ್ಲಿ ಬೀಳುತ್ತದೆ. ಕೊನೆಯದಕ್ಕೆ ಅತಿ ಹೆಚ್ಚು ವಿರೋಧ ಬಂದದ್ದು ನಮ್ಮ ಹುಡುಗರಿಂದಲೇ. ವಾರಕ್ಕೆ ಮೂರು ನಾಲ್ಕು ಇದ್ದ ಕೆಂಪು ಟ್ಯಾಗ್ ಈಗ ತಿಂಗಳಿಗೆ ಎರಡೋ ಮೂರೋ. ಜಗಳ ನಿಂತಿಲ್ಲ. ಹೋದ ವಾರ ಗೇಜ್ ಒರೆಸಿಡುವ ಕೆಲಸ ಯಾರದ್ದೆಂದು ಅರ್ಧ ಗಂಟೆ ಕೂಗಾಟವಾಯಿತು. ಆದರೆ ಬೆಳಗಾವಿ ಅದರಲ್ಲಿ ಬರಲಿಲ್ಲ.

ಉಳಿದದ್ದು ಆ ಮೇಲ್. ಒಂದು ರಾತ್ರಿ ಶಿಫ್ಟ್ ಮುಗಿದ ಮೇಲೆ ರಿಜಿಸ್ಟರಿನ ಲೆಕ್ಕದ ಹಾಳೆ ಹಿಡಿದು ಕಾಕಾ ಬಳಿ ಹೋದೆ. ತಪ್ಪು ನನ್ನದು ಎಂದು ಮರಾಠಿಯಲ್ಲೇ ಹೇಳಿದೆ, ವ್ಯಾಕರಣ ಕೆಟ್ಟಿತ್ತು. ಅವರು ಹಾಳೆಯನ್ನು ಬಹಳ ಹೊತ್ತು ನೋಡಿದರು. "ಈ ಒಂದೂವರೆ ಗಂಟೆ ವಿಷಯ ನನಗೆ ಗೊತ್ತಿತ್ತು. ಯಾರೂ ಕೇಳಲಿಲ್ಲ" ಎಂದರು. ನಾನೂ ಕೇಳಿರಲಿಲ್ಲ. "ಬಸ್ಸಿನ ಮಾತು ನಾನು ಆಡಬಾರದಿತ್ತು" ಎಂದು ಸ್ವಲ್ಪ ತಡೆದು ಸೇರಿಸಿದರು. ಕಂಪನಿ ಬಸ್ ಹಾರ್ನ್ ಹೊಡೆಯುತ್ತಿತ್ತು, ಇಬ್ಬರೂ ಹೋಗಿ ಹತ್ತಿದೆವು.

ಎಚ್‌ಆರ್‌ಗೆ ಎರಡು ಸಲ ಬರೆದಿದ್ದೇನೆ, ಮೆಮೊ ಹಿಂದೆಗೆದುಕೊಳ್ಳಿ ಎಂದು. ಒಮ್ಮೆ ಕೊಟ್ಟ ಮೆಮೊ ಫೈಲಿನಿಂದ ತೆಗೆಯಲು ನಿಯಮವಿಲ್ಲವಂತೆ. ಆ ವರ್ಷದ ಇನ್‌ಕ್ರಿಮೆಂಟ್ ಅಂತೂ ಬರಲಿಲ್ಲ. ಬರುವ ಮಾರ್ಚ್‌ಗೆ ಕಾಕಾ ನಿವೃತ್ತಿ. ಮೂರನೇ ಪತ್ರ ನಿನ್ನೆ ಕಳಿಸಿದೆ, ಈ ಸಲ ಹಾಳೆಯ ಲೆಕ್ಕವನ್ನೂ ಜೊತೆಗಿಟ್ಟು.