ಪುಟ ತಿರುವಿದರೆ 600 ವರ್ಷ

ಆ ಸನ್ಯಾಸಿ 15 ವರ್ಷ ಕೂತು ಒಂದೇ ಹಾಳೆಯ ನಕಲು ತೆಗೆಯುತ್ತಾನೆ. ಅದು ಯಾವುದೋ ವಿದ್ಯುತ್ ಸಾಧನದ ನಕ್ಷೆ. ಏನದು ಅಂತ ಅವನಿಗೂ ಗೊತ್ತಿಲ್ಲ, ಮಠದಲ್ಲಿ ಮತ್ಯಾರಿಗೂ ಗೊತ್ತಿಲ್ಲ. ಸುತ್ತ ಚಿತ್ತಾರ ಬಿಡಿಸಿ, ಚಿನ್ನ ಹಚ್ಚಿ, ಪೋಪರಿಗೆ ಒಪ್ಪಿಸಲು ಹೊರಟರೆ ದಾರಿಯಲ್ಲಿ ಕಳ್ಳ ಅಡ್ಡಗಟ್ಟುತ್ತಾನೆ. ಹೊಳೆಯುವ ನಕಲನ್ನು ಕಿತ್ತುಕೊಂಡು, ಮಾಸಿದ ಮೂಲವನ್ನು ಬಿಟ್ಟುಹೋಗುತ್ತಾನೆ.

1959ರಲ್ಲಿ ಬಂದ 'ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಜ್' ಕಾದಂಬರಿಯಲ್ಲಿ ಈ ಪ್ರಸಂಗ ಓದಿದಾಗಲೆಲ್ಲ ನನಗೆ ಎದೆ ಭಾರವಾಗುತ್ತದೆ. ಅಣುಯುದ್ಧದಲ್ಲಿ ಲೋಕ ಸುಟ್ಟುಹೋದ ಮೇಲಿನ ಕಥೆ ಅದು. ಮೊದಲ ಭಾಗ ನಡೆಯುವುದು 26ನೇ ಶತಮಾನದಲ್ಲಿ. ಪುಟ ತಿರುವಿದರೆ 3174. ಇನ್ನೊಂದು ಭಾಗ ದಾಟಿದರೆ 3781. ಒಂದೇ ಪುಸ್ತಕದೊಳಗೆ 1,200 ವರ್ಷ ಸರಿದುಹೋಗುತ್ತದೆ, ಮಠ ಮಾತ್ರ ಅಲ್ಲೇ ಇರುತ್ತದೆ.

ಬರೆದವರು ವಾಲ್ಟರ್ ಎಂ. ಮಿಲ್ಲರ್. ಇಟಲಿಯ ಮಾಂಟೆ ಕಸಿನೊ ಬೆಟ್ಟದ ಮೇಲೆ 529ರ ಸುಮಾರಿಗೆ ಸಂತ ಬೆನೆಡಿಕ್ಟ್ ಸ್ಥಾಪಿಸಿದ ಮಠವನ್ನು 1944ರ ಫೆಬ್ರುವರಿ 15ರಂದು 200ಕ್ಕೂ ಹೆಚ್ಚು ಬಾಂಬರ್ ವಿಮಾನಗಳು ಪುಡಿಮಾಡಿದವು. 1,400 ವರ್ಷದ ಮಠ, ಒಂದು ಹಗಲು. ಆ ದಾಳಿಗೆ ಹೋದ ವಿಮಾನ ಸಿಬ್ಬಂದಿಯಲ್ಲಿ ಮಿಲ್ಲರ್ ಕೂಡ ಇದ್ದರು. ಆಗ ಅವರ ವಯಸ್ಸು 21.

1950ರ ದಶಕದಲ್ಲಿ ಮೂರು ಡಜನ್‌ಗೂ ಮಿಕ್ಕಿ ಕಥೆ ಬರೆದಿದ್ದವರು ಕಾದಂಬರಿ ಬಂದ ಮೇಲೆ ಮೌನವಾದರು. 1961ರಲ್ಲಿ ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೋ ಪ್ರಶಸ್ತಿ ಬಂತು, ಹೊಸ ಕಾದಂಬರಿ ಬರಲಿಲ್ಲ. ಜನರ ಸಂಪರ್ಕ ಬಿಟ್ಟರು. ತಮ್ಮ ಪುಸ್ತಕ ವ್ಯವಹಾರ ನೋಡಿಕೊಳ್ಳುವ ಏಜೆಂಟರಿಗೂ ಮುಖಾಮುಖಿ ಸಿಗಲಿಲ್ಲ. ಓದುಗರು ಕಾದರು. ಮಕ್ಕಳಾಗಿ ಓದಿದವರು ನಡುವಯಸ್ಸಿಗೆ ಬಂದರು. 1996ರ ಜನವರಿಯಲ್ಲಿ ಮಿಲ್ಲರ್ ತೀರಿಕೊಂಡರು. ಬಹುಪಾಲು ಬರೆದಿಟ್ಟಿದ್ದ ಎರಡನೆಯ ಕಾದಂಬರಿಯನ್ನು ಟೆರ್ರಿ ಬಿಸ್ಸನ್ ಮುಗಿಸಿಕೊಟ್ಟರು. 1997ರಲ್ಲಿ ಅದು ಅಚ್ಚಾಯಿತು.

38 ವರ್ಷ ಕಾದಿದ್ದಕ್ಕೆ ಕಥೆ ಎಷ್ಟು ಮುಂದೆ ಹೋಗಿತ್ತು? 3781ರ ಆಚೆಗೆ ಒಂದು ಹೆಜ್ಜೆಯೂ ಇಲ್ಲ. ಎರಡನೆಯ ಭಾಗಕ್ಕೆ ಹಿಂತಿರುಗಿ, ಅಲ್ಲಿಂದ ಎಪ್ಪತ್ತೆಂಬತ್ತು ವರ್ಷ ಅಷ್ಟೇ. ಪುಟ ತಿರುವುವಷ್ಟರಲ್ಲಿ ಆರು ಶತಮಾನ ದಾಟಿಸಿದ ಕೈಗೆ ಈ ಒಂದು ಆಯುಷ್ಯದ ದೂರ ಎಷ್ಟು ಕಷ್ಟವಾಯಿತೋ! ಆ ಮೌನವನ್ನು ಸೋಮಾರಿತನ ಅನ್ನುವವರ ಜೊತೆ ನನಗೆ ಮಾತೇ ಬೇಡ.

ಇಂಥದೇ ಇನ್ನೊಂದು ಕಾಯುವಿಕೆಯೂ ಇದೆ. ವರ್ನರ್ ವಿಂಜ್ ಅವರ ಕಾದಂಬರಿ 'ಎ ಫೈರ್ ಅಪಾನ್ ದ ಡೀಪ್' ಬಂದದ್ದು 1992ರಲ್ಲಿ. ಕೊನೆಗೆ ಅನ್ಯಗ್ರಹವೊಂದರಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಉಳಿದುಬಿಡುತ್ತಾರೆ; ಶತ್ರುಪಡೆ 30 ಜ್ಯೋತಿರ್ವರ್ಷ ಆಚೆ ಸಿಕ್ಕಿಬಿದ್ದಿರುತ್ತದೆ. ಮುಂದಿನ ಭಾಗ ಬರಲು 19 ವರ್ಷ ಹಿಡಿಯಿತು. 2011ರ ಆ ಪುಸ್ತಕವನ್ನು ಓದಿ ಮುಗಿಸಿದಾಗಲೂ ಪಡೆ ಬಂದಿರಲಿಲ್ಲ. ನಾನೊಂದು ಲೆಕ್ಕ ಹಾಕಿದೆ. ಮೊದಲ ಪುಸ್ತಕ ಬಂದ ವರ್ಷ ಆ ಹಡಗುಗಳಿಂದ ಬೆಳಕು ಹೊರಟಿತ್ತು ಅಂದುಕೊಂಡರೆ, ಅದು ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ವೇಗದಲ್ಲಿ ಎಲ್ಲೂ ನಿಲ್ಲದೆ ಓಡಿ 2022ರಲ್ಲಿ ಮಕ್ಕಳಿದ್ದ ಗ್ರಹವನ್ನು ಮುಟ್ಟಿರುತ್ತಿತ್ತು. ಆಗಲೂ ನಾವು ಮೂರನೆಯ ಪುಸ್ತಕಕ್ಕೆ ಕಾಯುತ್ತಲೇ ಇದ್ದೆವು. 2024ರ ಮಾರ್ಚ್‌ನಲ್ಲಿ ವಿಂಜ್ ಹೋದರು.